ಕೇಳುವವರು ಯಾರು: ಕೌಟುಂಬಿಕ ಹಿಂಸೆಯ ಅಧ್ಯಯನದಲ್ಲಿ ಸಮುದಾಯದ ಪಾಲು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ (2015-16) ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದವರು ಕರ್ನಾಟಕದ ವಿವಾಹಿತೆಯರಲ್ಲಿ ಶೇ. 20.6. ಐದನೇ ಸುತ್ತಿನಲ್ಲಿ (2019-21) ಇದು ಶೇ. 44.4 ಆಯಿತು. ದೇಶದ ಸರಾಸರಿ ಮಾತ್ರ ಶೇ. 31.2ರಿಂದ 29.3ಕ್ಕೆ ಇಳಿಯಿತು. ಲಾಕ್‌ಡೌನ್‌ ಮೇಲೆ ಹೊರೆ ಹಾಕುವಂತಿಲ್ಲ. ಕರ್ನಾಟಕದಲ್ಲಿ ಮಾಹಿತಿ ಸಂಗ್ರಹ 2019ರಲ್ಲೇ ಮುಗಿದಿತ್ತು. ನಾಲ್ಕು ವರ್ಷದಲ್ಲಿ ಗಂಡಸರು ಇಮ್ಮಡಿ ಕ್ರೂರಿಗಳಾದರೆಂದು ನಂಬುವುದು ಕಷ್ಟ. ಕೇಳಿದವರು ಯಾರು, ಹೇಗೆ ಕೇಳಿದರು, ಆ ಹೊತ್ತಿಗೆ ಬಾಗಿಲ ಬಳಿ ಅತ್ತೆ ಕೂತಿದ್ದರೇ ಎಂಬುದೂ ಅಂಕಿಯೊಳಗೆ ಸೇರಿಕೊಂಡಿರುತ್ತದೆ ಎಂಬುದೇ ನನ್ನ ಅನುಮಾನ.

ಇದೇ ಐದನೇ ಸುತ್ತಿನಲ್ಲಿ ಹೆಂಡತಿಗೆ ಹೊಡೆಯುವುದು ಯಾವುದಾದರೊಂದು ಕಾರಣಕ್ಕೆ ಸರಿ ಎಂದ ಮಹಿಳೆಯರು ರಾಜ್ಯದಲ್ಲಿ ಶೇ. 76.9. ಪಟ್ಟಿಯಲ್ಲಿದ್ದ ಕಾರಣಗಳಲ್ಲಿ ಅಡುಗೆ ಕೆಡಿಸುವುದೂ ಒಂದು. ಹೀಗಿರುವಲ್ಲಿ ‘ನಿಮ್ಮ ಮೇಲೆ ದೌರ್ಜನ್ಯ ನಡೆದಿದೆಯೇ’ ಎಂದು ಕೇಳಿದರೆ ಇಲ್ಲ ಎಂಬ ಉತ್ತರ ಸುಳ್ಳೇನಲ್ಲ. ದೌರ್ಜನ್ಯ ಪತ್ರಿಕೆಯ, ಪೊಲೀಸ್ ಠಾಣೆಯ ಪದ. ಉತ್ತರ ಕರ್ನಾಟಕದ ಹೆಂಗಸಿನ ಬಾಯಲ್ಲಿ ಬರುವುದು ‘ಬಡೀತಾನ’, ‘ಭಾಳ ತ್ರಾಸ ಕೊಡ್ತಾನ’. ಕಪಾಳಕ್ಕೆ ಹೊಡೆದದ್ದು, ಕೂದಲು ಹಿಡಿದು ಎಳೆದದ್ದು, ಒದ್ದದ್ದು ಎಂದು ಸಮೀಕ್ಷೆ ಒಂದೊಂದನ್ನೇ ಬಿಡಿಸಿ ಕೇಳುವುದು ಈ ಕಾರಣಕ್ಕೇ. ಆದರೂ ಪ್ರಶ್ನೆಯ ಚೌಕಟ್ಟನ್ನು ಹಾಕಿದವರು ಊರಿನವರಲ್ಲ.

ಚೌಕಟ್ಟನ್ನೇ ಬದಲಿಸಿದ ಒಂದು ಪ್ರಯತ್ನ ನಮ್ಮಲ್ಲೇ ನಡೆದಿದೆ. ಬಾಗಲಕೋಟೆ ಜಿಲ್ಲೆಯ 47 ಹಳ್ಳಿಗಳಲ್ಲಿ 2014ರಿಂದ ನಡೆದ ‘ಸಂವೇದನಾ ಪ್ಲಸ್’ ಅಧ್ಯಯನದಲ್ಲಿ ಕರ್ನಾಟಕ ಆರೋಗ್ಯ ಸಂವರ್ಧನ ಸಂಸ್ಥೆ ಮತ್ತು ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಪಾಲುದಾರರಾಗಿದ್ದವರು ಲೈಂಗಿಕ ವೃತ್ತಿನಿರತ ಮಹಿಳೆಯರೇ ಕಟ್ಟಿಕೊಂಡ ‘ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘ’. ಗಿರಾಕಿ, ಪೊಲೀಸರಿಂದಾಗುವ ಹಿಂಸೆಯನ್ನು ಹಿಂದಿನ ಎಚ್‌ಐವಿ ಕಾರ್ಯಕ್ರಮಗಳು ಗಮನಿಸಿದ್ದವು. ಮನೆಗೆ ಬಂದುಹೋಗುವ ಖಾಯಂ ಸಂಗಾತಿಯ ಏಟು ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಈ ಮಹಿಳೆಯರಲ್ಲಿ ಹಲವರು ದೇವದಾಸಿ ಪದ್ಧತಿಯಿಂದ ಬಂದವರು. ದೇವರಿಗೆ ಬಿಟ್ಟ ಹೆಣ್ಣಿಗೆ ಮದುವೆಯಿಲ್ಲ. ಮದುವೆಯಿಲ್ಲದವಳು ‘ಗಂಡನ ಹಿಂಸೆ’ಯ ಶೇ. 44.4ರೊಳಗೆ ಬರುವುದು ಹೇಗೆ? 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮದುವೆಯ ಸ್ವರೂಪದ ಸಂಬಂಧವನ್ನು ಒಪ್ಪುತ್ತದೆ ನಿಜ. ಆದರೆ 2010ರಲ್ಲಿ ವೇಲುಸಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಬ್ಬರೂ ಕಾನೂನುಬದ್ಧವಾಗಿ ಮದುವೆಯಾಗಲು ಅರ್ಹರಾಗಿರಬೇಕು ಎಂಬ ಷರತ್ತನ್ನು ಸೇರಿಸಿತು. ಸಂಗಾತಿಗೆ ಬೇರೆ ಹೆಂಡತಿ ಇದ್ದರೆ ಆ ಬಾಗಿಲೂ ಕಿರಿದಾಯಿತು. ಸಮುದಾಯ ಪಾಲುದಾರನಾದಾಗ ಮೊದಲು ಬದಲಾಗುವುದು ಉತ್ತರವಲ್ಲ, ‘ಕುಟುಂಬ’ ಎಂದರೆ ಯಾವುದು ಎಂಬ ಪ್ರಶ್ನೆ.

ಫಲಿತಾಂಶದ ಬಗ್ಗೆ ಮುಚ್ಚುಮರೆ ಬೇಡ. ಅರ್ಧದಷ್ಟು ಹಳ್ಳಿಗಳಲ್ಲಿ ಕಾರ್ಯಕ್ರಮ ನಡೆಸಿ ಉಳಿದವುಗಳ ಜೊತೆ ಹೋಲಿಸಿದಾಗ, ಹಿಂಸೆಯ ಪ್ರಮಾಣದಲ್ಲಿ ನಂಬಬಹುದಾದ ವ್ಯತ್ಯಾಸ ಕಾಣಲಿಲ್ಲ. ಹಿಂಸೆ ಸಹಜ ಎಂಬ ಭಾವನೆ ಕಡಿಮೆಯಾಗಿತ್ತು, ತಮ್ಮನ್ನು ಕಾಪಾಡಿಕೊಳ್ಳುವ ದಾರಿಗಳ ಅರಿವು ಹೆಚ್ಚಿತ್ತು. ಇದನ್ನು ಸೋಲು ಎಂದು ಬರೆದುಬಿಡುವುದು ಸುಲಭ. ನನಗನ್ನಿಸುವುದು ಬೇರೆ: ಏಟನ್ನು ಏಟೆಂದು ಗುರುತಿಸಲು ಕಲಿತವಳು ಹಿಂದಿಗಿಂತ ಹೆಚ್ಚು ಏಟುಗಳನ್ನು ಹೇಳುತ್ತಾಳೆ, ಅಲ್ಲಿಗೆ ಕಾರ್ಯಕ್ರಮದ ಯಶಸ್ಸೇ ಅದರ ಅಂಕಿಯನ್ನು ಕೆಡಿಸಬಹುದು. ಇನ್ನೊಂದು ತೊಡಕು, ಹೋಲಿಕೆಯ ಹಳ್ಳಿಗಳದು. ಪಕ್ಕದೂರಿನ ಗೆಳತಿ ಪೆಟ್ಟು ತಿಂದು ಬಂದರೆ ‘ನೀನು ಇನ್ನೊಂದು ಗುಂಪಿನವಳು, ತಡೆ’ ಎಂದು ಯಾವ ಸಂಘ ಹೇಳೀತು? ಹೇಳಬಾರದು ಕೂಡ. ಸಂಶೋಧಕನಿಗೆ ಬೇಕಾದ ಗೋಡೆಯನ್ನು ಕೆಡವುವುದೇ ಸಂಘದ ಕೆಲಸ. ಪಾಲುದಾರಿಕೆಯ ಕರಾರಿಗೆ ಸಹಿ ಹಾಕುವ ಮೊದಲೇ ಮಾತಾಡಿಕೊಳ್ಳಬೇಕಾದ ವಿಷಯ ಇದು.

ಸಮುದಾಯ ಎಂಬ ಪದಕ್ಕೆ ಕೈಮುಗಿದು ಕೂರುವುದೂ ಸಲ್ಲ. ಹಳ್ಳಿಯಲ್ಲಿ ಸಮುದಾಯವೆಂದರೆ ಪಂಚಾಯಿತಿ ಕಟ್ಟೆಯೂ ಹೌದು. ‘ಹೊಂದಿಕೊಂಡು ಹೋಗವ್ವ’ ಎಂದು ಹೊಡೆದವನ ಮನೆಗೇ ಮರಳಿ ಕಳಿಸುವ ಹಿರಿಯರೂ ಹೌದು. ಗುಟ್ಟಿನ ಪ್ರಶ್ನೆ ಇನ್ನೂ ಸೂಕ್ಷ್ಮ. ಸಂದರ್ಶಕಿ ಅದೇ ಓಣಿಯವಳಾದರೆ ಮಾತು ಬೇಗ ಬಿಚ್ಚಿಕೊಳ್ಳುತ್ತದೆ, ಹೇಳಿದ ಮಾತು ಸಂಜೆಯೊಳಗೆ ನಲ್ಲಿಯ ಬಳಿ ತಲುಪುವ ಭಯವೂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2001ರ ಮಾರ್ಗಸೂಚಿ ಇಂಥ ಅಧ್ಯಯನಗಳಲ್ಲಿ ಮಹಿಳೆಯ ಸುರಕ್ಷತೆಯೇ ಮೊದಲು ಎನ್ನುತ್ತದೆ. ಅದರಂತೆ ನಡೆಯುವುದಾದರೆ ಸಂಘದ ಸದಸ್ಯೆಯರು ಪ್ರಶ್ನೆಗಳನ್ನು ರೂಪಿಸಲಿ, ಉತ್ತರಗಳ ಅರ್ಥ ಹೇಳಲಿ. ಸಂದರ್ಶನಕ್ಕೆ ಮಾತ್ರ ಬೇರೆ ಊರಿನ ಸದಸ್ಯೆ ಹೋಗಲಿ.

ನಮ್ಮ ವಿಶ್ವವಿದ್ಯಾಲಯಗಳ ನೈತಿಕ ಸಮಿತಿಗಳಲ್ಲಿ ಒಂದು ಮನವಿ. ಕೌಟುಂಬಿಕ ಹಿಂಸೆಯ ಅಧ್ಯಯನಕ್ಕೆ ಅನುಮತಿ ಕೋರುವ ಅರ್ಜಿಯಲ್ಲಿ ಪ್ರಶ್ನೆಗಳನ್ನು ಯಾರ ಜೊತೆ ಕೂತು ಬರೆದಿರಿ, ಸಂಘದವರ ದಿನಗೂಲಿ ಯಾವ ಬಾಬತ್ತಿನಲ್ಲಿದೆ, ವರದಿ ಕನ್ನಡದಲ್ಲಿ ಆ ಹಳ್ಳಿಗೆ ಯಾವಾಗ ತಲುಪುತ್ತದೆ ಎಂಬ ಮೂರು ಕಾಲಂ ಸೇರಿಸಿ. ಅವು ಖಾಲಿ ಇದ್ದರೆ ಅರ್ಜಿಯನ್ನು ವಾಪಸ್ ಕಳಿಸಿ.