ಪಂಢರಿಯ ವಾರಿ ಮತ್ತು ಅಂಕಲಿಯ ಕುದುರೆಗಳು

ಜೀಡಿಮೆಟ್ಲಾದ ಕಾರ್ಖಾನೆಗಳ ನಡುವೆ ನೆಲೆ ಕಂಡಿರುವ ಕನ್ನಡ ಕುಟುಂಬಗಳಿಗೆ ಶ್ರೀಕ್ಷೇತ್ರ ಪಂಢರಪುರವು ದೂರದ ಊರೇನಲ್ಲ. ಸಿಕಂದರಾಬಾದಿನಲ್ಲಿ ರೈಲು ಹತ್ತಿ, ವಿಕಾರಾಬಾದ್, ವಾಡಿ, ಕಲಬುರಗಿ, ಸೊಲ್ಲಾಪುರಗಳನ್ನು ದಾಟಿ ಕುರ್ಡುವಾಡಿಯಲ್ಲಿ ಇಳಿದರೆ, ಅಲ್ಲಿಂದ ಭೀಮಾತೀರವು ಸುಮಾರು 50 ಕಿಲೋಮೀಟರ್ ಮಾತ್ರ. ಒಂದು ರಾತ್ರಿಯ ಪ್ರಯಾಣದಲ್ಲಿ ಪಾಂಡುರಂಗನ ದರ್ಶನ ಸುಲಭಸಾಧ್ಯ. ಹೀಗಿರುವಾಗ ಪ್ರತಿವರ್ಷ ಜ್ಯೇಷ್ಠ ಬಹುಳದಲ್ಲಿ ಲಕ್ಷಾಂತರ ಜನರು ಮಳೆಯಲ್ಲಿ ನೆನೆಯುತ್ತ, ಅಂಗಾಲಿನಲ್ಲಿ ಬೊಬ್ಬೆಗಳೆದ್ದರೂ ಲೆಕ್ಕಿಸದೆ, ಹದಿನೆಂಟು ದಿನ ನಡೆದೇ ಆ ಊರನ್ನು ಸೇರಬೇಕೆಂದು ಹಟ ಹಿಡಿಯುವುದೇಕೆ? ವಾರಿಯ ಇತಿಹಾಸವನ್ನು ಅರಿಯಹೊರಟವರ ಮುಂದೆ ಮೊದಲು ನಿಲ್ಲುವ ಪ್ರಶ್ನೆ ಇದೇ.

ಪಂಢರಪುರಕ್ಕೂ ಕನ್ನಡಕ್ಕೂ ಇರುವ ನಂಟು ಸರ್ವವಿದಿತ. ಹೊಯ್ಸಳ ಸೋಮೇಶ್ವರನು ವಿಠ್ಠಲನ ಸೇವೆಗೆಂದು ಗ್ರಾಮವೊಂದನ್ನು ದತ್ತಿ ಬಿಟ್ಟುದನ್ನು ತಿಳಿಸುವ 1237ರ ಶಾಸನವು ದೇವಾಲಯದ ತೊಲೆಯ ಮೇಲೆಯೇ ಇದೆ. ಸಂತ ಜ್ಞಾನೇಶ್ವರರು ತಮ್ಮ ಅಭಂಗವೊಂದರಲ್ಲಿ ವಿಠ್ಠಲನನ್ನು ಕರ್ನಾಟಕದವನೆಂದೇ ಕರೆದಿದ್ದಾರೆ. ಪುರಂದರ, ವಿಜಯ, ಗೋಪಾಲ, ಜಗನ್ನಾಥ ಎಂಬ ದಾಸವರೇಣ್ಯರ ಅಂಕಿತಗಳೆಲ್ಲ 'ವಿಠಲ'ನಲ್ಲಿಯೇ ಕೊನೆಗೊಳ್ಳುತ್ತವೆ. ಪುರಂದರದಾಸರ ಹೆಸರಿನ ಕಂಬವೊಂದನ್ನು ದೇವಾಲಯದಲ್ಲಿ ಇಂದಿಗೂ ತೋರಿಸುತ್ತಾರೆ. ಇವೆಲ್ಲ ಅನೇಕರು ಬರೆದಿರುವ ವಿಷಯಗಳು. ಆದರೆ ಕಾಲ್ನಡಿಗೆಯ ವ್ಯವಸ್ಥೆಯಲ್ಲಿಯೇ ಸೇರಿಹೋಗಿರುವ ಕನ್ನಡನಾಡಿನ ಪಾಲೊಂದಿದೆ. ಅದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

'ವಾರಿ' ಎಂದರೆ ತಪ್ಪದೆ ಮಾಡುವ ಯಾತ್ರೆ. ಅದನ್ನು ನಡೆಸುವವನೇ ವಾರಕರಿ. ಈ ಪದ್ಧತಿ ಜ್ಞಾನೇಶ್ವರರ ಕಾಲಕ್ಕಿಂತಲೂ ಹಿಂದಿನದೆಂದು ಸಂಪ್ರದಾಯವು ಹೇಳುತ್ತದೆ. ಸಂತರ ಪಾದುಕೆಗಳನ್ನು ಪಲ್ಲಕ್ಕಿಯಲ್ಲಿಟ್ಟು ಮೆರವಣಿಗೆಯಾಗಿ ಒಯ್ಯುವ ಕ್ರಮವನ್ನು ತುಕಾರಾಮರ ಮಗ ನಾರಾಯಣ ಮಹಾರಾಜರು 1685ರಲ್ಲಿ ದೇಹುವಿನಿಂದ ಆರಂಭಿಸಿದರು. ಆಳಂದಿಯ ಜ್ಞಾನೇಶ್ವರರ ಪಲ್ಲಕ್ಕಿಗೆ ಪ್ರತ್ಯೇಕವಾದ, ಶಿಸ್ತುಬದ್ಧವಾದ ಸ್ವರೂಪವನ್ನು ಕೊಟ್ಟವರು ಸಾತಾರಾ ಸೀಮೆಯ ಆರಫಳದ ಹೈಬತಬಾಬಾ. (ಈ ಆಳಂದಿ ಪುಣೆಯ ಬಳಿಯದು, ಕಲಬುರಗಿ ಜಿಲ್ಲೆಯ ಆಳಂದವೆಂದು ಭ್ರಮಿಸಬಾರದು.) ಗ್ವಾಲಿಯರಿನ ಶಿಂದೆಯವರ ಸೇನೆಯಲ್ಲಿದ್ದ ಇವರು ವಿರಕ್ತರಾಗಿ ಆಳಂದಿಯಲ್ಲಿ ನೆಲೆಸಿ, 19ನೆಯ ಶತಮಾನದ ಮೊದಲ ಭಾಗದಲ್ಲಿ ಈ ಕಾರ್ಯವನ್ನು ಕೈಗೊಂಡರು. ಇವರಿಗೆ ಬೆಂಬಲವಾಗಿ ನಿಂತು ಕುದುರೆ, ಡೇರೆ, ನೈವೇದ್ಯಗಳ ಹೊಣೆ ಹೊತ್ತವರು ಅಂಕಲಿಯ ಶಿತೋಳೆ ಸರದಾರರು.

ಅಂಕಲಿ ಎಂಬುದು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಸೀಮೆಯಲ್ಲಿ, ಕೃಷ್ಣಾತೀರದಲ್ಲಿರುವ ಗ್ರಾಮ. ಅಲ್ಲಿಂದ ಪ್ರತಿವರ್ಷ ಎರಡು ಕುದುರೆಗಳು ಮಿರಜ, ಸಾತಾರಾ, ಪುಣೆಗಳ ದಾರಿಯಾಗಿ ಸುಮಾರು 300 ಕಿಲೋಮೀಟರ್ ನಡೆದು ಪ್ರಸ್ಥಾನದ ವೇಳೆಗೆ ಆಳಂದಿಯನ್ನು ಸೇರುತ್ತವೆ. ಲಾರಿಯಲ್ಲಿ ಒಯ್ದರೆ ಒಂದು ದಿನದ ಕೆಲಸ. ಆದರೆ ವಾರಿಯ ಕುದುರೆಯೂ ವಾರಕರಿಯೇ ಆದುದರಿಂದ ಅದೂ ನಡೆಯಬೇಕು. ಒಂದರ ಮೇಲೆ ಧ್ವಜಧಾರಿಯಾದ ಸವಾರನಿರುತ್ತಾನೆ. ಇನ್ನೊಂದರ ಬೆನ್ನು ಬರಿದು. ಅದರ ಮೇಲೆ ಮಾನವರಾರೂ ಕುಳಿತುಕೊಳ್ಳುವುದಿಲ್ಲ. ಅದು ಜ್ಞಾನೇಶ್ವರರ ವಾಹನವೆಂದು ನಂಬಿಕೆ. ದಾರಿಯಲ್ಲಿ ನಡೆಯುವ 'ರಿಂಗಣ'ದಲ್ಲಿ ಈ ಎರಡೂ ಕುದುರೆಗಳು ಜನಸಾಗರದ ನಡುವಣ ವರ್ತುಲದಲ್ಲಿ ಓಡುತ್ತವೆ. ಓಟ ಮುಗಿದೊಡನೆ ಗೊರಸು ತಾಗಿದ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳಲು ಜನರು ಮುನ್ನುಗ್ಗುತ್ತಾರೆ. ಮರಾಠಿ ನಾಡಿನ ಅತಿ ದೊಡ್ಡ ಯಾತ್ರೆಯ ಮುಂದೆ ಕನ್ನಡನಾಡಿನ ಗ್ರಾಮವೊಂದರ ಕುದುರೆಗಳು ನಡೆಯುತ್ತಿವೆ ಎಂಬುದನ್ನು ಗಡಿಯ ಜಗಳಗಳನ್ನು ಮಾತ್ರ ಕೇಳಿ ಬೆಳೆದವರು ಒಮ್ಮೆ ನೆನೆಯಬೇಕು.

ಆಳಂದಿಯ ಪಲ್ಲಕ್ಕಿಯು ಜ್ಯೇಷ್ಠ ಬಹುಳ ಅಷ್ಟಮಿಯಂದು ಹೊರಟು ಆಷಾಢ ಶುದ್ಧ ದಶಮಿಯಂದು ಪಂಢರಪುರವನ್ನು ಪ್ರವೇಶಿಸುತ್ತದೆ. ದೂರ ಸುಮಾರು 250 ಕಿಲೋಮೀಟರ್. ಪುಣೆ, ಸಾಸವಡ, ಜೇಜುರಿ, ವಾಲ್ಹೆ, ಲೋಣಂದ, ಫಲಟಣ, ನಾತೇಪುತೆ, ಮಾಳಶಿರಸ, ವೇಳಾಪುರ, ವಾಖರಿ ಮೊದಲಾದವು ವಸತಿಯ ಊರುಗಳು. ಇದರ ವೇಳಾಪಟ್ಟಿಯನ್ನು ಗಡಿಯಾರವಲ್ಲ, ಪಂಚಾಂಗವು ನಿರ್ಧರಿಸುತ್ತದೆ. ತಿಥಿಯ ವೃದ್ಧಿಕ್ಷಯಗಳಿಂದ ದಿನ ಹೆಚ್ಚು ಕಡಿಮೆಯಾದರೆ, ಲೋಣಂದದ ವಸತಿಯನ್ನು ಹಿಗ್ಗಿಸಿ ಕುಗ್ಗಿಸಿ ಸರಿತೂಗಿಸುತ್ತಾರೆ. ಹೀಗಾಗಿ ದಶಮಿಯ ಪ್ರವೇಶ ತಪ್ಪುವುದಿಲ್ಲ. ಎಲ್ಲಕ್ಕಿಂತ ಕಠಿಣವಾದುದು ಪುಣೆಯಿಂದ ಸಾಸವಡದವರೆಗಿನ, 30 ಕಿಲೋಮೀಟರಿಗೆ ಸಮೀಪವಾದ ನಡಿಗೆ. ನಡುವೆ ದಿವೆ ಘಾಟಿನ ಏರು. ಅಲ್ಲಿ ರಥಕ್ಕೆ ಹೆಚ್ಚಿನ ಎತ್ತಿನ ಜೋಡಿಗಳನ್ನು ಹೂಡುತ್ತಾರೆ. ಕಡಿದಾದ ಏರಿನಲ್ಲಿ ರೈಲಿಗೆ ಹಿಂದಿನಿಂದ ಮತ್ತೊಂದು ಇಂಜಿನ್ ಜೋಡಿಸುವುದನ್ನು ಕಂಡವರಿಗೆ ಈ ಉಪಾಯವು ಹೊಸದೆನಿಸದು.

ಇಷ್ಟು ಜನರನ್ನು ಯಾವ ಅಧಿಕಾರಿಯ ಆಜ್ಞೆಯೂ ಇಲ್ಲದೆ ನಡೆಸುವ ಬಗೆಯು ನಿಜಕ್ಕೂ ವಿಸ್ಮಯಕರ. ಯಾತ್ರಿಕರು 'ದಿಂಡಿ' ಎಂಬ ತಂಡಗಳಾಗಿ ವಿಂಗಡಗೊಂಡಿರುತ್ತಾರೆ. ರಥದ ಮುಂದೆ 27 ದಿಂಡಿಗಳು, ಹಿಂದೆ ಅದಕ್ಕಿಂತ ಎಷ್ಟೋ ಹೆಚ್ಚು. ಪ್ರತಿಯೊಂದಕ್ಕೂ ಸಂಖ್ಯೆ, ಸ್ಥಾನಗಳು ನಿಶ್ಚಿತ. ಬೆಳಗಿನಲ್ಲಿ ಮೂರು ಬಾರಿ ಕಹಳೆ ಊದುತ್ತಾರೆ: ಮೊದಲನೆಯದಕ್ಕೆ ಗಂಟುಮೂಟೆ ಕಟ್ಟಬೇಕು, ಎರಡನೆಯದಕ್ಕೆ ಸಾಲಿನಲ್ಲಿ ನಿಲ್ಲಬೇಕು, ಮೂರನೆಯದಕ್ಕೆ ಹೆಜ್ಜೆ ಹಾಕಬೇಕು. ಸಂಜೆ ಬಿಡಾರದಲ್ಲಿ ಎಲ್ಲ ದಿಂಡಿಗಳೂ ಸೇರಿ 'ಸಮಾಜ ಆರತಿ' ನಡೆಯುತ್ತದೆ. ಸಾವಿರಾರು ತಾಳಗಳು ಮೊಳಗುತ್ತಿರುವಾಗ ಚೋಪದಾರನು ದಂಡವನ್ನೆತ್ತಿ ಒಮ್ಮೆ ಕೂಗಿದೊಡನೆ ಇಡೀ ಬಯಲು ನಿಶ್ಶಬ್ದವಾಗುತ್ತದೆ. ಆಗಲೂ ಯಾವುದಾದರೊಂದು ದಿಂಡಿಯು ತಾಳವನ್ನು ನಿಲ್ಲಿಸದಿದ್ದರೆ, ಅದಕ್ಕೆ ದೂರೇನೋ ಇದೆಯೆಂದು ಅರ್ಥ. ಚೋಪದಾರನು ಅಲ್ಲಿಗೇ ಹೋಗಿ, ವಿಚಾರಿಸಿ, ಪರಿಹಾರ ಸೂಚಿಸಿದ ಮೇಲೆಯೇ ಆ ತಾಳ ನಿಲ್ಲುವುದು. ಕಳೆದುಹೋದ, ಸಿಕ್ಕಿದ ವಸ್ತುಗಳ ಪ್ರಕಟಣೆಯೂ ಅಲ್ಲಿಯೇ ಆಗುತ್ತದೆ. ಅರ್ಜಿಯಿಲ್ಲ, ಕಡತವಿಲ್ಲ, ದೂರು ಅಂದಂದಿಗೇ ಇತ್ಯರ್ಥವಾಗುತ್ತದೆ. ಹೈಬತಬಾಬಾ ಸೈನಿಕರಾಗಿದ್ದವರೆಂಬುದು ಈ ವ್ಯವಸ್ಥೆಯಲ್ಲಿ ಎದ್ದು ಕಾಣುತ್ತದೆ.

ಈ ನಡಿಗೆಗೆ ರೈಲು ಬಂದಾಗ ಏನಾಯಿತು? ಎವರಾರ್ಡ್ ಕ್ಯಾಲ್ತ್ರಾಪ್ ಎಂಬ ಇಂಜಿನಿಯರನು ನಿರ್ಮಿಸಿದ ಬಾರ್ಶಿ ಲೈಟ್ ರೈಲ್ವೆಯು 1897ರಲ್ಲಿ ಆರಂಭವಾಗಿ, 1906ರಲ್ಲಿ ಕುರ್ಡುವಾಡಿಯಿಂದ ಪಂಢರಪುರಕ್ಕೆ ವಿಸ್ತರಿಸಿತು. ಎರಡೂವರೆ ಅಡಿ ಅಗಲದ ಹಳಿ. ಯಾವ ಅಚ್ಚಿನ ಮೇಲೂ 5 ಟನ್ನಿಗೆ ಮೀರದ ಭಾರ. ಹಗುರವಾದ ಹಳಿಯ ಮೇಲೆ ಹೆಚ್ಚು ಸಾಗಿಸುವ ಈ ವಿನ್ಯಾಸವು ಮುಂದೆ ಅನೇಕ ಕಿರುರೈಲುಗಳಿಗೆ ಮಾದರಿಯಾಯಿತು. ಆಷಾಢ, ಕಾರ್ತಿಕಗಳಲ್ಲಿ ಆ ಪುಟ್ಟ ರೈಲು ಯಾತ್ರಿಕರಿಂದ ತುಂಬಿ ತುಳುಕುತ್ತಿತ್ತು. ರೈಲು ಬಂದ ಮೇಲೆ ನಡೆಯುವವರು ಇಲ್ಲವಾಗುವರೆಂದು ಯಾರಾದರೂ ಎಣಿಸಿದ್ದರೆ ಅದು ಸಹಜವೇ. ಆದುದು ಬೇರೆ. ರೈಲು ದರ್ಶನಾರ್ಥಿಗಳ ಸಂಖ್ಯೆಯನ್ನು ಹೆಚ್ಚಿಸಿತು. ನಡೆಯುವವರನ್ನು ಕಡಿಮೆ ಮಾಡಲಿಲ್ಲ. ಪಂಢರಪುರವನ್ನು ಸೇರುವುದು ಒಂದು ಕಾರ್ಯ, ವಾರಿ ಮಾಡುವುದು ಇನ್ನೊಂದು ಕಾರ್ಯ ಎಂಬುದು ಜನರಿಗೆ ಸ್ಪಷ್ಟವಾಗಿಯೇ ಇತ್ತು. ಶ್ರೀಮನ್ಮಧ್ವಾಚಾರ್ಯರು ಬದರಿಗೆ ಎರಡು ಬಾರಿ ನಡೆದುಹೋದುದನ್ನು ಸುಮಧ್ವವಿಜಯದಲ್ಲಿ ಓದಿದವರಿಗೂ ಈ ಭೇದವು ತಿಳಿಯದ್ದಲ್ಲ.

ವಾರಿಯಲ್ಲಿ ಎಲ್ಲವೂ ಸೊಗಸೇ ಆಗಿತ್ತೆಂದು ಬರೆಯುವುದು ಇತಿಹಾಸಕ್ಕೆ ಅಪಚಾರ. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರು (1905–1970) ಸ್ವತಃ ದಿಂಡಿಯೊಂದಿಗೆ ನಡೆದು ತಮ್ಮ ಅನುಭವವನ್ನು ಪ್ರಬಂಧವಾಗಿ ಬರೆದರು. ಹಗಲೆಲ್ಲ ಒಂದೇ ಅಭಂಗವನ್ನು ಒಟ್ಟಾಗಿ ಹಾಡುತ್ತ ನಡೆದ ಬ್ರಾಹ್ಮಣರೂ ಮರಾಠರೂ ಊಟದ ವೇಳೆಗೆ ಬೇರೆ ಬೇರೆ ಕುಳಿತುಕೊಳ್ಳುತ್ತಿದ್ದುದನ್ನು ಅವರು ನೋವಿನಿಂದ ದಾಖಲಿಸಿದ್ದಾರೆ. ಮಡಿಯ ಮನೆಗಳಲ್ಲಿ ಬೆಳೆದವರು ಆ ಪುಟಗಳನ್ನು ಓದುವಾಗ ತುಸು ತಡವರಿಸುವುದುಂಟು. ಹಾಗೆ ತಡವರಿಸುವುದು ಒಳ್ಳೆಯದೇ. ದೇವಾಲಯದ ಮಹಾದ್ವಾರದ ನಾಮದೇವ ಮೆಟ್ಟಿಲಿನ ಎದುರಿಗೆ ಸಂತ ಚೋಖಾಮೇಳರ ಸಮಾಧಿ ಇದೆ. ಜೀವಿತದಲ್ಲಿ ಒಳಗೆ ಹೋಗಲು ಅವಕಾಶವಿಲ್ಲದಿದ್ದವರ ಸಮಾಧಿಯು ಬಾಗಿಲ ಹೊರಗೇ ಆಯಿತು. ಉಡುಪಿಯ ಕನಕನ ಕಿಂಡಿಯನ್ನು ಕಂಡವರಿಗೆ ಈ ಸ್ಥಳದ ಅರ್ಥವನ್ನು ವಿವರಿಸಬೇಕಾಗಿಲ್ಲ. ಆ ಬಾಗಿಲು ಎಲ್ಲರಿಗೂ ತೆರೆದದ್ದು 1947ರ ಮೇ ತಿಂಗಳಲ್ಲಿ, ಸಾನೆ ಗುರೂಜಿಯವರು ಉಪವಾಸ ಕುಳಿತ ಬಳಿಕ. ಶತಮಾನಗಳ ಕಾಲ ನಡೆದು ಬಂದವರಲ್ಲಿ ಎಷ್ಟೋ ಜನರು ಕಳಶದರ್ಶನ ಮಾಡಿ ಹಿಂದಿರುಗಿದ್ದರೆಂಬುದನ್ನು ಮರೆಯಲಾಗದು.

2020 ಹಾಗೂ 2021ರಲ್ಲಿ ಕೋವಿಡ್ ಕಾರಣದಿಂದ ಸಾಮೂಹಿಕ ನಡಿಗೆಗೆ ಅನುಮತಿ ದೊರೆಯಲಿಲ್ಲ. ಪಾದುಕೆಗಳನ್ನು ಕೆಲವೇ ಜನರೊಡನೆ ರಾಜ್ಯ ಸಾರಿಗೆಯ ಬಸ್ಸಿನಲ್ಲಿ ಪಂಢರಪುರಕ್ಕೆ ಒಯ್ಯಲಾಯಿತು. ಹದಿನೆಂಟು ದಿನಗಳ ದಾರಿ ಕೆಲವು ಗಂಟೆಗಳಲ್ಲಿ ಮುಗಿಯಿತು. ದಾರಿಯ ಊರುಗಳಲ್ಲಿ ಪಲ್ಲಕ್ಕಿಗಾಗಿ ರಂಗವಲ್ಲಿ ಹಾಕುವ ಅಂಗಳಗಳು ಬರಿದಾಗಿ ಉಳಿದವು. 2022ರಲ್ಲಿ ವಾರಿ ಮತ್ತೆ ಹಿಂದಿನಂತೆಯೇ ಹೊರಟಿತು. ಈ ಮಾರ್ಗವನ್ನು ನಾಲ್ಕು ಪಥಗಳ ರಾಷ್ಟ್ರೀಯ ಹೆದ್ದಾರಿಯಾಗಿಸುವ ಕಾರ್ಯಕ್ಕೆ 2021ರ ನವೆಂಬರಿನಲ್ಲಿ ಶಿಲಾನ್ಯಾಸವಾಯಿತು. ಅದರ ಯೋಜನೆಯಲ್ಲಿ ಇಕ್ಕೆಲಗಳಲ್ಲಿಯೂ ಯಾತ್ರಿಕರ ಕಾಲುದಾರಿಯನ್ನು ಸೇರಿಸಲಾಗಿದೆ. ಹೆದ್ದಾರಿಯ ನಕ್ಷೆಯಲ್ಲಿ ನಡೆಯುವವನಿಗೆ ಜಾಗ ಸಿಗುವುದು ಅಪರೂಪ.

ಏಕಾದಶಿ ಮುಗಿದೊಡನೆ ಬಹುಮಂದಿ ರೈಲು, ಬಸ್ಸುಗಳನ್ನು ಹಿಡಿದು ಊರುಗಳಿಗೆ ಮರಳುತ್ತಾರೆ. ಸಿಕಂದರಾಬಾದಿನ ಕಡೆಗೆ ಬರುವ ಗಾಡಿಗಳಲ್ಲಿಯೂ ತುಳಸಿಮಾಲೆ ಧರಿಸಿದವರು, ಬುಕ್ಕಾ ಹಚ್ಚಿದವರು ತುಂಬಿರುತ್ತಾರೆ. ಪಲ್ಲಕ್ಕಿ ಮಾತ್ರ ಹುಣ್ಣಿಮೆಯವರೆಗೆ ಅಲ್ಲಿದ್ದು, ಗೋಪಾಲಪುರದ ಕಾಲಾ ಮುಗಿಸಿಕೊಂಡು ಮತ್ತೆ ನಡೆದೇ ಆಳಂದಿಗೆ ಹೊರಡುತ್ತದೆ. ಆಗ ಅದರೊಂದಿಗೆ ಪತ್ರಿಕೆಯವರೂ ಇಲ್ಲ, ಛಾಯಾಗ್ರಾಹಕರೂ ಇಲ್ಲ. ಕೆಲವೇ ದಿಂಡಿಗಳ ವಾರಕರಿಗಳು ಮಾತ್ರ ಆಷಾಢದ ಮಳೆಯಲ್ಲಿ ತಾಳ ಹಿಡಿದು ನಡೆಯುತ್ತಾರೆ.