ನಿದ್ದೆಗೆ ಎರವಲಾದ ಹುಚ್ಚಿನ ಮದ್ದು

ಸರ್ಪಗಂಧಿಯ ಬೇರು ಬೆರಳುಗಾತ್ರದ, ಡೊಂಕುಡೊಂಕಾದ, ಬೂದುಹಳದಿ ತೊಗಟೆಯ ತುಂಡು. ಒಣಗಿದ ಮೇಲೆ ವಾಸನೆಯಿಲ್ಲ; ನಾಲಿಗೆಗಿಟ್ಟರೆ ಕಡುಕಹಿ. ಸೂತ್ರನಾಭಿ ಎಂದೂ ಕರೆಯುವ ಈ ಗಿಡ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುತ್ತದೆ. ಹುಚ್ಚು ಕೆರಳಿದವರನ್ನು ತಣಿಸಲು ಕೊಡುತ್ತಿದ್ದ ಬೇರನ್ನೇ ನಿದ್ದೆಗೆಟ್ಟವರಿಗೂ ಅರೆದು ಕುಡಿಸುವ ವಾಡಿಕೆ ನಾಟಿ ವೈದ್ಯದಲ್ಲಿತ್ತು. ಇಂಥ ಬೇರು-ನಾರು ಸಿಗುತ್ತಿದ್ದದ್ದು ದಾವಣಗೆರೆಯಂಥ ಪೇಟೆಗಳ ಗ್ರಂಥಿಗೆ ಅಂಗಡಿಗಳಲ್ಲಿ. ಹೈದರ್ ಅಲಿಯಿಂದ ಜಹಗೀರು ಪಡೆದ ಮರಾಠಾ ಸರದಾರ ಅಪೋಜಿರಾಮನ ಕಾಲದಲ್ಲಿ ವರ್ತಕರು ನೆಲೆಯೂರಿದ ದಾವಣಗೆರೆ, ಮಲೆನಾಡಿನ ಸರಕು ಬಯಲುಸೀಮೆಗೆ ಸಾಗುವ ದಾರಿಯ ಪೇಟೆ. ಮಂಡಿಪೇಟೆ ಅದರ ಸಗಟು ವ್ಯಾಪಾರದ ಬೀದಿ.

1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಬೇರು ಹುಚ್ಚಿಗೂ ರಕ್ತದೊತ್ತಡಕ್ಕೂ ಮದ್ದೆಂದು ವೈದ್ಯಪತ್ರಿಕೆಯಲ್ಲಿ ಬರೆದರು. 1934ರಲ್ಲಿ ಹಿಮಾಲಯ ಕಂಪನಿ ಇದರಿಂದಲೇ ಸರ್ಪಿನಾ ಗುಳಿಗೆ ತಂದಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನ ಸತ್ವವಾದ ರೆಸರ್ಪಿನ್ ಬೇರ್ಪಡಿಸಿದರು. ಮನಸ್ಸು ಕುಗ್ಗಿಸುವ ದೋಷದಿಂದಾಗಿ, ಕ್ಲೋರ್‌ಪ್ರೊಮಜಿನ್ ಎಂಬ ಮನೋರೋಗದ ಮದ್ದು ಬಂದ ಮೇಲೆ ರೆಸರ್ಪಿನ್ ಮನೋವೈದ್ಯದಿಂದ ಹಿಂದೆ ಸರಿಯಿತು. ಮದ್ದು ಬದಲಾಯಿತು, ಎರವಲು ಪಡೆಯುವ ಪದ್ಧತಿ ಉಳಿಯಿತು.

ಖಿನ್ನತೆಗೆಂದು 1961ರಲ್ಲಿ ಬಳಕೆಗೆ ಬಂದ ಅಮಿಟ್ರಿಪ್ಟಿಲಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಖಿನ್ನತೆಗೆ ದಿನಕ್ಕೆ 75 ಮಿಲಿಗ್ರಾಂ ಅಥವಾ ಹೆಚ್ಚು ಬೇಕು. ನಿದ್ದೆಗೆ ಬರೆಯುವುದು 10 ಅಥವಾ 25. ಎಚ್ಚರವನ್ನು ಕಾಯುವ ಹಿಸ್ಟಮಿನ್ ಅನ್ನು ತಡೆಯಲು ಅಷ್ಟೇ ಸಾಕು. ಅಡ್ಡಪರಿಣಾಮವೆಂದು ಬರೆದಿಟ್ಟಿದ್ದ ತೂಕಡಿಕೆಯೇ ಇಲ್ಲಿ ಬೇಕಾದ ಗುಣ.

ಇಂಥ ಹೊಸ ಮದ್ದು ಬರೆಯುವ ವೈದ್ಯರನ್ನು ತಯಾರಿಸುವ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ದಾವಣಗೆರೆಯಲ್ಲಿ ಆರಂಭವಾದದ್ದು 1965ರಲ್ಲಿ. 1980ರ ದಶಕದಲ್ಲಿ ಬೆಂಗಳೂರಿನ ಮನೋವೈದ್ಯ ಸಂಸ್ಥೆ ನಿಮ್ಹಾನ್ಸ್ ನೆರೆಯ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮನೋರೋಗ ಚಿಕಿತ್ಸೆ ಕಲಿಸಿತು. ಮುಂದೆ 1997ರಿಂದ 2018ರವರೆಗೆ ದಾವಣಗೆರೆಗೆ ಸೇರಿದ್ದ ಹರಪನಹಳ್ಳಿ ಆಗ ಬಳ್ಳಾರಿಯದೇ ತಾಲ್ಲೂಕು. ಹುಚ್ಚಾಸ್ಪತ್ರೆಯ ಗೋಡೆ ದಾಟಿ ಮನೋರೋಗದ ಔಷಧಗಳು ಹಳ್ಳಿಗೆ ಬಂದದ್ದು ದೊಡ್ಡ ಉಪಕಾರ. ಯಾವ ಗುಳಿಗೆಯಿಂದ ಕಣ್ಣು ಎಳೆಯುತ್ತದೆ ಎಂಬ ತಿಳಿವಳಿಕೆಯೂ ಜೊತೆಗೇ ಹರಡುವುದು ಸಹಜ.

1990ರ ದಶಕದ ಕೊನೆಗೆ ಕ್ವಿಟಯಾಪಿನ್ ಈ ಸಾಲಿಗೆ ಸೇರಿಕೊಂಡಿತು. ಸ್ಕಿಜೋಫ್ರೇನಿಯಾಗೆ ನೂರಾರು ಮಿಲಿಗ್ರಾಂ ಬೇಕಾದ ಇದನ್ನು ನಿದ್ದೆಗೆ 25 ಮಿಲಿಗ್ರಾಂ ಕೊಡುವುದುಂಟು. ಬೊಜ್ಜು, ಸಕ್ಕರೆ ಕಾಯಿಲೆಯ ಅಪಾಯವಿರುವ ಔಷಧವನ್ನು ಬರಿಯ ನಿದ್ದೆಗೆ ಬಳಸುವುದು ದುಬಾರಿ ಬೆಲೆಯೇ ಸರಿ. ನುರಿತ ವೈದ್ಯರು ಕಾರಣ ನೋಡಿ ಬರೆದರೆ ಅದು ಚಿಕಿತ್ಸೆ. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಕೊಳ್ಳುವುದು ಬೇರೆಯೇ ಮಾತು.

2014ರ ಮಾರ್ಚ್ 1ರಿಂದ ಜಾರಿಗೆ ಬಂದ, ಔಷಧ ನಿಯಮಗಳ ಎಚ್1 ಅನುಸೂಚಿಯಂತೆ ನಿದ್ದೆ ಬರಿಸುವ ಆಲ್ಪ್ರಜೋಲಮ್, ಡಯಾಜಿಪಾಮ್, ಜೋಲ್ಪಿಡೆಮ್ ಗುಳಿಗೆಗಳನ್ನು ಮಾರುವಾಗ ರೋಗಿಯ ಮತ್ತು ವೈದ್ಯರ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಅಮಿಟ್ರಿಪ್ಟಿಲಿನ್ ಆ ಪಟ್ಟಿಯಲ್ಲಿಲ್ಲ. ಅದಕ್ಕೆ ವೈದ್ಯರ ಚೀಟಿಯಿದ್ದರೆ ಸಾಕು. ಆ ಚೀಟಿಯಲ್ಲೂ ಗುಳಿಗೆ ಖಿನ್ನತೆಗೋ ನಿದ್ದೆಗೋ ಎಂದು ಸಾಮಾನ್ಯವಾಗಿ ನಮೂದಾಗುವುದಿಲ್ಲ.