ಮೇಜಿನ ಕೆಳಗಿನ ಮೋಟಾರು, ಮುಪ್ಪಿನ ಮರೆವು

ಮೈಸೂರಿನ ಬೋಗಾದಿಯಂಥ ಬಡಾವಣೆಯಲ್ಲಿ ವಿದ್ಯುತ್ಕಾಂತೀಯ ಕ್ಷೇತ್ರದ ಮಾತೆತ್ತಿದರೆ ಜನರ ಕಣ್ಣು ಮೊದಲು ಹೋಗುವುದು ಮಹಡಿ ಮೇಲಿನ ಮೊಬೈಲ್ ಟವರಿನತ್ತ. ಟವರಿನ ವಿಕಿರಣದ ಮಿತಿಯನ್ನು ಭಾರತ 2012ರ ಸೆಪ್ಟೆಂಬರಿನಲ್ಲಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದರಷ್ಟಕ್ಕೆ ಇಳಿಸಿತು. ಆದರೆ ದುಡಿಮೆಯ ಜಾಗ ಮತ್ತು ಮಿದುಳಿನ ನಂಟನ್ನು ಹುಡುಕಿದ ಸಂಶೋಧನೆಯ ಚರಿತ್ರೆ ನಮ್ಮನ್ನು ಕರೆದೊಯ್ಯುವುದು ಹೊಲಿಗೆಯಂತ್ರದ ಮುಂದಕ್ಕೆ.

ವಿದ್ಯುತ್ತಿನ ಪಕ್ಕದ ದುಡಿಮೆ ಹಳೆ ಮೈಸೂರಿಗೆ ಶತಮಾನದಷ್ಟು ಹಳೆಯದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಹೋಯಿತು. 1908ರಲ್ಲಿ ಮೈಸೂರಿನ ಬೀದಿಗಳಿಗೂ ವಿದ್ಯುತ್ ದೀಪ ಬಂತು. ಲೈನ್‌ಮನ್‌ಗಳ ಮನೆಯವರು ಅಂದಿನಿಂದ ಹೆದರಿದ್ದು ಕರೆಂಟ್ ಹೊಡೆಯುವುದಕ್ಕೆ. ತಂತಿ ಮುಟ್ಟದೆಯೂ ದೇಹಕ್ಕೇನಾದರೂ ಆದೀತೇ ಎಂಬ ಪ್ರಶ್ನೆಯನ್ನು ಎತ್ತಿದ್ದು 1960ರ ದಶಕದ ಸೋವಿಯತ್ ಸ್ವಿಚ್‌ಯಾರ್ಡ್ ಕಾರ್ಮಿಕರ ತಲೆನೋವು, ಆಯಾಸದ ದೂರುಗಳು.

ಮರೆವಿನ ಕಾಯಿಲೆಯ ಕಡೆಗೆ ಚರ್ಚೆ ಹೊರಳಿದ್ದು 1995ರಲ್ಲಿ. ಸಂಶೋಧಕ ಯುಜೀನ್ ಸೋಬೆಲ್ ಮತ್ತು ಸಂಗಡಿಗರು ಫಿನ್‌ಲೆಂಡ್ ಹಾಗೂ ಕ್ಯಾಲಿಫೋರ್ನಿಯಾದ ಆಲ್ಝೈಮರ್ ರೋಗಿಗಳ ಹಿಂದಿನ ಕಸುಬನ್ನು ವಿಚಾರಿಸಿದಾಗ ಅವರಲ್ಲಿ ಹೊಲಿಗೆಯವರು ಎದ್ದು ಕಂಡರು. ಹೆಚ್ಚು ಕಾಂತಕ್ಷೇತ್ರದಲ್ಲಿ ದುಡಿದವರಿಗೆ ಅಪಾಯ ಸುಮಾರು ಮೂರು ಪಟ್ಟು ಎಂಬ ಅಂದಾಜು ಬಂತು. ಇದು ಬರಿಯ ಕಾಕತಾಳೀಯವೆಂದು ತಳ್ಳಿಹಾಕುವಂತಿಲ್ಲ. ಹೊಲಿಗೆಯಂತ್ರದ ಹಳೆಯ ಕ್ಲಚ್ ಮೋಟಾರು ಸ್ವಿಚ್ ಹಾಕಿದ ಗಳಿಗೆಯಿಂದ, ಹೊಲಿಗೆ ನಿಂತಾಗಲೂ, ಗುಂಯ್ ಎನ್ನುತ್ತಾ ತಿರುಗುತ್ತಲೇ ಇರುತ್ತದೆ. ಅದು ಇರುವುದು ಮೊಣಕಾಲಿನ ಪಕ್ಕದಲ್ಲೇ. ಈಗಿನ ಸರ್ವೋ ಮೋಟಾರು ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ. ದೂರ ಹೆಚ್ಚಿದಂತೆ ಮೋಟಾರಿನ ಕ್ಷೇತ್ರ ಬೇಗನೆ ಕುಗ್ಗುವುದರಿಂದ, ಬೀದಿಯ ತಂತಿಗಿಂತ ತೊಡೆಯ ಹತ್ತಿರದ ಮೋಟಾರೇ ಮುಖ್ಯವಾಗಬಹುದು.

ಆದರೂ ಆ ಅಧ್ಯಯನದ ಬುಡ ಗಟ್ಟಿಯಿರಲಿಲ್ಲ. ಮರೆವು ಬಂದವರ ಕಸುಬಿನ ವಿವರ ಹೇಳಿದ್ದು ಮನೆಯವರು. 1998ರಲ್ಲಿ ಡೇವಿಡ್ ಸಾವಿಟ್ಜ್ ತಂಡ ಅಮೆರಿಕದ ವಿದ್ಯುತ್ ಕಂಪನಿಗಳ ನೌಕರರ ಸಾವಿನ ದಾಖಲೆ ನೋಡಿದಾಗ ಆಲ್ಝೈಮರ್ ಜೊತೆ ನಂಟು ಅಷ್ಟಾಗಿ ಕಾಣಲಿಲ್ಲ. ಸ್ನಾಯುಗಳನ್ನು ಕ್ಷಯಿಸುವ ಎಎಲ್‌ಎಸ್ ಎಂಬ ನರರೋಗದ ಜೊತೆ ಕಂಡಿತು. ಅದಕ್ಕೆ ಕಾರಣ ಕಾಂತಕ್ಷೇತ್ರವೋ, ವೃತ್ತಿಯಲ್ಲಿ ತಿಂದ ಶಾಕ್‌ಗಳೋ ಎಂಬ ವಾದ ಇನ್ನೂ ನಡೆದಿದೆ. ಆಲ್ಝೈಮರ್ ವಿಷಯದಲ್ಲಿ ಪುರಾವೆ ಸಾಲದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಕಾರ್ಮಿಕರಿಗೆ 2010ರಲ್ಲಿ ಅಂತರರಾಷ್ಟ್ರೀಯವಾಗಿ ಗೊತ್ತುಮಾಡಿದ 1000 ಮೈಕ್ರೋಟೆಸ್ಲಾ ಕಾಂತಕ್ಷೇತ್ರದ ಮಿತಿಯೂ ನರಗಳ ಮೇಲಿನ ತಕ್ಷಣದ ಪರಿಣಾಮವನ್ನು ತಡೆಯಲಿಕ್ಕಾಗಿಯೇ ಹೊರತು ಮೂವತ್ತು ವರ್ಷದ ದುಡಿಮೆಯನ್ನು ಲೆಕ್ಕಹಾಕಿ ಮಾಡಿದ್ದಲ್ಲ.

ಇಂಥ ದೀರ್ಘಕಾಲದ ಪರಿಣಾಮವನ್ನು ಹುಡುಕಲು ಮೈಸೂರಿಗೆ ಒಂದು ಅಪರೂಪದ ಅನುಕೂಲವಿದೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1966ರವರೆಗೆ ಹುಟ್ಟಿದವರ ತೂಕ, ಉದ್ದಗಳ ದಾಖಲೆ ಉಳಿದಿದ್ದು, ಅವರಲ್ಲಿ ಹಲವರನ್ನು ಹುಡುಕಿ ಇಳಿವಯಸ್ಸಿನ ನೆನಪು, ಗ್ರಹಿಕೆಗಳನ್ನು ಸಂಶೋಧಕರು ಪರೀಕ್ಷಿಸಿದ್ದಾರೆ. ಇಂಥ ಅಧ್ಯಯನಗಳಲ್ಲಿ ಕಸುಬನ್ನು ‘ಟೈಲರ್’, ‘ನೌಕರ’ ಎಂದು ಒಂದೇ ಪದದಲ್ಲಿ ಬರೆದು ಮುಗಿಸಬಾರದು. ಯಾವ ಯಂತ್ರ, ಕ್ಲಚ್ ಮೋಟಾರೋ ಸರ್ವೋವೋ, ದಿನಕ್ಕೆಷ್ಟು ಗಂಟೆ, ಎಷ್ಟು ವರ್ಷ, ಶಾಕ್ ಹೊಡೆದದ್ದುಂಟೇ ಎಂಬುದನ್ನು ನೆನಪು ಗಟ್ಟಿಯಿರುವಾಗಲೇ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು.